ನಿಮ್ಮ ವಂಶದ ರೋಗ

ಸೇಡು ಅಂದರೆ ಏನು ಅಂತ ನನ್ನನ್ನು ಕೇಳಿ... ಹೇಳುತ್ತೇನೆ. ಎಂಟು ತಿಂಗಳು ಅದನ್ನೇ ಉಂಡು, ಅದನ್ನೇ ಹೊದ್ದು ಮಲಗಿದವಳು ನಾನು.

ನನ್ನ ಗಂಡ ದಿನಕರ, ಮಂಡ್ಯದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಮಕ್ಕಳಿಗೆ ಕಬಡ್ಡಿ ಆಡಿಸುತ್ತಿದ್ದಾಗಲೇ ಫಿಟ್ಸ್ ಬಂದು ಬಿದ್ದರು.

ಸ್ಕ್ಯಾನ್ ಮಾಡಿಸಿದರೆ... ಮೆದುಳಿನಲ್ಲಿ ಗೆಡ್ಡೆ!

ಒಳಗೆ ಆಪರೇಷನ್ ನಡೆಯುತ್ತಿತ್ತು. ಹೊರಗೆ ಅಷ್ಟೂ ಜನ ನೆಂಟರ ಎದುರು ನನ್ನ ಅತ್ತೆ ಜವರಮ್ಮ ಎದೆ ಬಡಿದುಕೊಂಡು ಅಂದರು...

"ಗುಂಡ್‌ಕಲ್ಲಂಗಿದ್ದ ನನ್ ಮಗ! ಇವ್ಳು ಯಾವ್ ಗಳಿಗೇಲಿ ಹೊಸ್ಲು ತುಳುದ್ಲೋ... ಎಲ್ಲಾ ಇವ್ಳ ಕಾಲ್ಗುಣ!"

ಮದುವೆಯಾಗಿ ಏಳು ವರ್ಷವಾಗಿತ್ತು ಸ್ವಾಮಿ! ಕಾಲ್ಗುಣವೇನು ಲೇಟಾಗಿ ಬರುವ ಬಸ್ಸೇ?

ಇರಲಿ ಮುದುಕಿ, ನನಗೂ ಒಂದು ಕಾಲ ಬರುತ್ತದೆ ಅಂದುಕೊಂಡೆ.

ಬಂತು...

ತೆಗೆದ ಗೆಡ್ಡೆಯ ಚೂರನ್ನು ಟೆಸ್ಟ್‌ಗೆ ಕಳಿಸಿದ್ದರು. ರಿಪೋರ್ಟ್ ಜೊತೆ ಕನ್ನಡದಲ್ಲಿ ಬರೆದ ಒಂದು ಹಾಳೆಯನ್ನೂ ಕೊಟ್ಟರು. ಅದರಲ್ಲಿತ್ತು, "ಗೆಡ್ಡೆಯ ವಂಶವಾಹಿಗಳಲ್ಲಿ ಬದಲಾವಣೆ ಕಂಡುಬಂದಿದೆ."

ವಂಶವಾಹಿ! ಆ ಪದ ಓದಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹಾಗಂದರೇನು ಅಂತ ಡಾಕ್ಟರನ್ನು ಕೇಳುವ ತಾಳ್ಮೆ ಯಾರಿಗಿತ್ತು? ವಂಶ ಅಂತ ಬರೆದೇ ಇದೆಯಲ್ಲ... ಅಂದರೆ ರೋಗ ಬಂದದ್ದು ಅವರ ಕಡೆಯಿಂದ!

ಒಳ್ಳೆಯ ದಿನಕ್ಕಾಗಿ ಕಾದೆ.

ನಾದಿನಿ ರೂಪಕಲಾಳನ್ನು ನೋಡಲು ಗಂಡಿನ ಕಡೆಯವರು ಬಂದರು. ಹುಡುಗ, ಹುಡುಗಿ ಇಬ್ಬರೂ ಒಪ್ಪಿದರು, ಇನ್ನೇನು ದಿನ ಗೊತ್ತುಮಾಡಬೇಕು... ನಾನು ಕಾಫಿ ತಟ್ಟೆ ಇಟ್ಟು ಬಾಯಿ ಬಿಟ್ಟೆ.

"ಅತ್ತೆ, ಬೀಗ್ರ ಹತ್ರ ಮುಚ್ಚಿಡ್ಬಾರ್ದು ನೋಡಿ... ಡಾಕ್ಟ್ರೇ ಬರ್ದ್ ಕೊಟ್ಟವ್ರೆ, ನಿಮ್ ಮಗಂಗೆ ಬಂದಿರದು ನಿಮ್ ವಂಶದ ರೋಗ. ನಾಳೆ ರೂಪಂಗೂ ಬರ್ಬೋದು."

ಬಂದವರು ಕಾಫಿ ಮುಟ್ಟದೆ ಎದ್ದು ಹೋದರು. ರೂಪಕಲಾ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಅತ್ತೆ ಕಂಬಕ್ಕೆ ಒರಗಿ ಕೂತವರು ಏಳಲೇ ಇಲ್ಲ.

ಸುಳ್ಳೇಕೆ ಹೇಳಲಿ? ಉಳಿದ ಕೇಸರಿಬಾತನ್ನು ಅವತ್ತು ನಾನೊಬ್ಬಳೇ ಎರಡು ತಟ್ಟೆ ತಿಂದೆ.

ಗಂಡನ ಮುಂದಿನ ಚೆಕಪ್‌ಗೆ ಅತ್ತೆ ತಾವೂ ಬರುತ್ತೇನೆಂದು ಹಟ ಹಿಡಿದರು. ಡಾಕ್ಟರ್ ರೂಮಿಗೆ ಕಾಲಿಟ್ಟವರೇ ಕೈ ಮುಗಿದು ನಿಂತರು...

"ಸಾಮಿ, ಮೊದ್ಲು ನನ್ ಮೊಮ್ಮಗಳಿಗೆ ಟೆಸ್ಟ್ ಮಾಡ್ಬುಡಿ. ನನ್ ವಂಶದ ರೋಗ ಆ ಕೂಸ್ಗೂ ಬಂದದಾ? ಬೇಕಾದ್ರೆ ನನ್ ತಲೆ ಕುಯ್ರಿ... ಅದ್ಕೇನೂ ಆಗ್ಬಾರ್ದು."



ನಿಮ್ಮ ವಂಶ, ನಿಮ್ಮ ವಂಶ ಅಂದೆನಲ್ಲ... ನನ್ನ ಐದು ವರ್ಷದ ಇಂಚರಾ ಯಾರ ವಂಶ? ಹೆತ್ತ ನನಗೆ ಅದು ಹೊಳೆಯಲೇ ಇಲ್ಲ! ಆ ಮುದುಕಿ ಅಷ್ಟೂ ದಿನ ಅದೇ ಭಯದಲ್ಲಿ ಬೆಂದಿದ್ದರು.

ಡಾಕ್ಟರ್ ಅವರನ್ನು ಕೂರಿಸಿ ಹೇಳಿದರು, "ಅಮ್ಮಾ, ವಂಶವಾಹಿ ಅಂದ್ರೆ ಜೀನ್. ಪ್ರತಿಯೊಂದು ಜೀವಕೋಶದಲ್ಲೂ ಇರುತ್ತೆ. ನಿಮ್ಮ ಮಗನ ಮೆದುಳಿನ ಯಾವುದೋ ಒಂದು ಕೋಶದಲ್ಲಿ ಅದು ತಾನಾಗೇ ಕೆಟ್ಟಿದೆ. ಆ ಕೋಶ ಲಂಗುಲಗಾಮಿಲ್ಲದೆ ಬೆಳೆದು ಗೆಡ್ಡೆ ಆಯ್ತು. ಎಲ್ಲೋ ಕೆಲವು ಮನೆತನಗಳಲ್ಲಿ ಹುಟ್ಟಿನಿಂದಲೇ ಬರೋದುಂಟು. ಅದಕ್ಕೇ ನಿಮ್ಮ ಮಗನ ರಕ್ತಾನೂ ಟೆಸ್ಟ್ ಮಾಡಿಸಿದ್ವಿ. ಅದರಲ್ಲಿ ಆ ಬದಲಾವಣೆ ಇಲ್ಲ. ನೀವು ಕೊಟ್ಟಿದ್ದಲ್ಲ, ಮಗೂಗೂ ಹೋಗಲ್ಲ."

ಅತ್ತೆ ನನ್ನ ಕಡೆ ತಿರುಗಿದರು. ಕೆನ್ನೆಗೆ ಬೀಳುತ್ತದೆ ಅಂತ ನಾನು ಕಣ್ಣು ಮುಚ್ಚಿದೆ...

ನನ್ನ ಎರಡೂ ಕೈ ಹಿಡಿದುಕೊಂಡು ಗಳಗಳ ಅತ್ತರು. "ಕೂಸ್ಗೇನೂ ಇಲ್ವಂತೆ ಕಣವ್ವಾ... ಕೇಳುಸ್ಕೊಂಡಾ? ಏನೂ ಇಲ್ವಂತೆ!"

ಅವರ ಕಾಲು ಹಿಡಿದುಕೊಂಡು ನಾನು ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ.

ಮಾರನೇ ದಿನ ಗಂಡಿನ ಮನೆಗೆ ಹೋಗಿ "ತಪ್ಪು ನನ್ದು" ಅಂತ ಕೈ ಮುಗಿದೆ. ಅಷ್ಟರಲ್ಲಿ ಅವರು ಬೇರೆ ಹುಡುಗಿಯನ್ನು ಒಪ್ಪಿಯಾಗಿತ್ತು. ರೂಪಕಲಾ ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ...

ಸೇಡಿನಲ್ಲಿ ಆಡಿದ ಮಾತಿಗೆ ನಮ್ಮವರು, ಪರರು ಅನ್ನುವ ಭೇದ ಗೊತ್ತಿಲ್ಲ.

ಯಾರಿಗೋ ಅನ್ನಲೆಂದು ನೀವೂ ಒಂದು ಮಾತನ್ನು ಮಸೆದು ಇಟ್ಟುಕೊಂಡಿದ್ದೀರಾ... ಅದು ಮೊದಲು ಯಾರಿಗೆ ತಾಗುತ್ತದೆ ಅಂತ ಯೋಚಿಸಿದ್ದೀರಾ?