ಆರನೆಯ ಕುಟುಂಬದ ಪ್ರಶ್ನೆಗಳು

ಆ ಪ್ರಶ್ನೆ ಇನ್ನೂ ಬಂದಿರಲಿಲ್ಲ. ನೀತಾ ಅವಲಕ್ಕಿಯ ತಟ್ಟೆ ಹಿಡಿದು ಕಾಯುತ್ತಿದ್ದಳು.

ಹೆಣ್ಣು ನೋಡಲು ಬಂದಿದ್ದ ಹಿಂದಿನ ಐದೂ ಕುಟುಂಬಗಳು ಹತ್ತು ನಿಮಿಷದೊಳಗೆ ಕೇಳಿದ್ದವು: ‘ಹುಡುಗಿಗೆ ಮೊದಲು ಎಲ್ಲೆರ ಮದಿವಿ ಗೊತ್ತಾಗಿತ್ತೇನ್ರಿ?’ ಐದೂ ಸಲ ಬಸವಣ್ಣೆವ್ವ ಹುಡುಗಿಯ ತಾಯಿಯಂತೆ ನಕ್ಕು, ‘ಇಲ್ರಿ, ಇದ ಮೊದಲು’ ಎಂದಿದ್ದಳು. ಆಕೆ ತಾಯಿಯಲ್ಲ, ಅತ್ತೆ. ನೀತಾಳ ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು.

ಇದು ಕಚೇರಿಯ ಕೆಲಸ. ಅವಳು ಕೆಲಸ ಮಾಡುತ್ತಿದ್ದ ಪುಣೆಯ ಸಣ್ಣ ಕಂಪನಿ ೨೦೦೧ರಲ್ಲಿ ಇಂಟರ್ನೆಟ್‌ನಲ್ಲಿ ವಧೂವರರ ತಾಣ ಕಟ್ಟುತ್ತಿತ್ತು. ಅದರಲ್ಲಿ ಯಾವ ಪ್ರಶ್ನೆ ಮೊದಲು ಬರಬೇಕು, ಯಾವುದು ಆಮೇಲೆ ಎಂದು ನೀತಾ ಗೊತ್ತುಮಾಡಬೇಕಿತ್ತು. ಕಚೇರಿಗೆ ಕರೆದು ಕೇಳಿದರೆ ಎಲ್ಲರೂ ‘ನಮಗ ಗುಣ ಮುಖ್ಯ’ ಎನ್ನುತ್ತಿದ್ದರು. ಹೆಣ್ಣು ನೋಡಲು ಬಂದಾಗಷ್ಟೇ ನಿಜ ಹೊರಬೀಳುತ್ತಿತ್ತು. ಹಾಗಾಗಿ ಅವಳೇ ಹೆಣ್ಣಾಗಿ ಕೂತಳು. ನಾಚಿಕೆಯಾಗಬೇಕಿತ್ತು. ಆಗಲಿಲ್ಲ.

ಸೋಮವಾರದೊಳಗೆ ಆರು ಕುಟುಂಬ ಆಗದಿದ್ದರೆ ಈ ಕೆಲಸಕ್ಕೆ ಬೇರೆಯವರನ್ನು ನೋಡುತ್ತೇನೆ ಎಂದಿದ್ದ ಮೇಲಧಿಕಾರಿ ಭುಜಂಗ. ಕೆಲಸ ಹೋದರೆ ಅವಳಿಗೆ ಉಳಿಯುವುದು ಈ ಎರಡು ಕೋಣೆಯ ಮನೆ, ದಿನವಿಡೀ.

ಕಂಪನಿಯ ಪಟ್ಟಿಯಲ್ಲಿದ್ದ ಆರನೆಯವರು ಬರುವುದಿಲ್ಲ ಎಂದಾಗ ಬಸವಣ್ಣೆವ್ವನೇ ಇವರನ್ನು ಹುಡುಕಿದ್ದಳು. ‘ನಿನ್ನ ಕೆಲಸ ಉಳದ್ರ ಸಾಕಲ್ಲ?’

ಬಂದವರು ಮೂವರು: ಮಾರ್ಕೆಟ್ ಯಾರ್ಡಿನ ಬೆಲ್ಲದ ವ್ಯಾಪಾರಿ ಮುರುಗೆಪ್ಪ, ಹೆಂಡತಿ ಶಾವಂತ್ರೆವ್ವ, ಚಾಕಣದ ಕಾರ್ಖಾನೆಯಲ್ಲಿ ದುಡಿಯುವ ಮಗ ಮಾಂತು. ಮಾಂತು ತನ್ನ ಮೊಣಕಾಲನ್ನೇ ನೋಡುತ್ತಿದ್ದ.

‘ಈಗ ಕಂಪ್ಯೂಟರ್‌ನಾಗೂ ಹೆಣ್ಣು ನೋಡ್ತಾರಂತಲ್ರಿ,’ ಎಂದ ಮುರುಗೆಪ್ಪ. ‘ಅಲ್ಲಿ ಅವಲಕ್ಕಿ ಯಾರು ಕೊಡ್ತಾರ?’

‘ನಿಮಗ ಬರೇ ಅವಲಕ್ಕಿ ಚಿಂತಿ,’ ಎಂದ ಶಾವಂತ್ರೆವ್ವ ನೀತಾಳ ಕಡೆ ತಿರುಗಿದಳು. ‘ನೀ ಕೂಡವಾ. ಆಫೀಸಿಂದ ಎಷ್ಟಕ್ಕ ಬರ್ತಿ? ಬಂದ ಮ್ಯಾಲ ಉಣ್ಣಾಕ ಮನಸಾಗತದೇನು?’

ಎತ್ತರ ಕೇಳಲಿಲ್ಲ. ಸಂಬಳ ಕೇಳಲಿಲ್ಲ. ಅಡುಗೆ ಕೇಳಲಿಲ್ಲ. ಇವರಿಗೆ ಗುಮಾನಿ ಬಂದಿದೆ ಎಂದುಕೊಂಡಳು ನೀತಾ. ಮೋಸವೆಂದು ಕಂಪನಿಗೆ ದೂರು ಹೋದರೆ ಭುಜಂಗ ಸೋಮವಾರದವರೆಗೂ ಕಾಯುವುದಿಲ್ಲ. ಎದ್ದು ಹೋಗೋಣವೆಂದರೆ ಹೊರಬಾಗಿಲಿಗೆ ಮುರುಗೆಪ್ಪನ ಕುರ್ಚಿ, ಒಳಬಾಗಿಲಿಗೆ ಅತ್ತೆ.

‘ಏನರ ಕೇಳೂದಿದ್ರ ಕೇಳ್ರಿ,’ ಎಂದಳು ತಾನೇ.

‘ನಂದೇನಿಲ್ರಿ,’ ಎಂದ ಮಾಂತು. ‘ನೀವ ಕೇಳ್ರಿ.’

ಐದು ಕುಟುಂಬಗಳ ಎಲ್ಲ ಪ್ರಶ್ನೆಗಳೂ ಅವಳಿಗೆ ಬಾಯಿಪಾಠವಾಗಿದ್ದವು. ತನ್ನದೆನ್ನುವ ಒಂದೂ ಹೊಳೆಯಲಿಲ್ಲ.

ಹೊರಡುವ ಹೊತ್ತಿಗೆ ಶಾವಂತ್ರೆವ್ವ ದೇವರ ಮುಂದಿನ ಕುಂಕುಮದ ಬಟ್ಟಲು ಎತ್ತಿಕೊಂಡಳು. ಮೊದಲು ಬಸವಣ್ಣೆವ್ವನ ಹಣೆಗೆ ಹಚ್ಚಿದಳು. ಹುಡುಗಿ ಒಪ್ಪಿಗೆಯಾದರೆ ಗಂಡಿನ ತಾಯಿ ಅವಳಿಗೂ ಹಚ್ಚುತ್ತಾಳೆ. ಹಚ್ಚಲೇ ಎಂದು ಯಾರೂ ಕೇಳುವುದಿಲ್ಲ. ನೀತಾ ಹಣೆ ಒಡ್ಡಲಿಲ್ಲ, ಹಿಂದೆ ಸರಿಯಲೂ ಇಲ್ಲ.

ಬೆರಳು ಹಣೆಯ ಹತ್ತಿರ ಬಂದು ನಿಂತಿತು.

‘ಹಚ್ಚಲೇನವಾ? ಮೊನ್ನೆ ನಿಮ್ಮ ಅತ್ತಿಯವರು ಎಲ್ಲಾ ಹೇಳಿದಾಗ ಅವರನ್ನೂ ಇದ ಕೇಳಿದ್ದೆ. ಅದನ್ನ ಆಕೀನ್ನ ಕೇಳ್ರಿ ಅಂದ್ರು.’