ಗಂಟು ಬಿಚ್ಚದ ಕವರು

ಎಸೆದವರು ಯಾರೆಂದು ಕಡಲು ನೆನಪಿಟ್ಟುಕೊಳ್ಳತೊಡಗಿ ವರ್ಷಗಳಾಗಿದ್ದವು. ಯಾವ ತೀರಕ್ಕೆ ಹೋದರೂ ಅವರವರ ಕಸ ಅವರವರ ಕಾಲಿಗೇ ಬಂದು ತಾಗುತ್ತಿತ್ತು. ಗುರುತಿಲ್ಲದ ಈ ತೀರದಲ್ಲಿ ಕೆಂಚಪ್ಪನಿಗೆ ಕಾವಲಿನ ಹೆಂಗಸು ಗೋಣಿಚೀಲ ಕೊಟ್ಟಳು.

"ನಿಮ್ಮದು ನೀವೇ ಹೆಕ್ಕಿ ಮಾರಾಯ್ರೆ."

ಬೆಳಗಿನ ಮಂಜಿನೊಳಗಿಂದ ಅಲೆಗಳು ಅವನ ಬಾಟಲಿಗಳನ್ನೂ ಹರಿದ ಚಪ್ಪಲಿಯನ್ನೂ ಮೆಲ್ಲಗೆ ತಂದಿಟ್ಟವು. ಕೊನೆಗೆ ಬಂದದ್ದು ಒಂದು ಪ್ಲಾಸ್ಟಿಕ್ ಕವರು. ಹನ್ನೆರಡು ವರ್ಷದ ಹಿಂದೆ ಅಪ್ಪನ ಬೂದಿ ಬಿಡಲು ಹೋದವನು, ತಿರುಗಿ ನೋಡಬಾರದೆಂಬ ಶಾಸ್ತ್ರಕ್ಕೆ ಹೆದರಿ, ಗಂಟನ್ನೂ ಬಿಚ್ಚದೆ ಎಸೆದು ಬಂದಿದ್ದ. ಅಪ್ಪ ಇನ್ನೂ ಅದರೊಳಗೇ ಇದ್ದ.

"ಇದನ್ನೂ ಗೋಣಿಗೆ ಹಾಕ್ಬೇಕಾ ಅಕ್ಕಾ?"

"ಕವರು ಮಾತ್ರ ಸಾಕು," ಎಂದಳು ಅವಳು.

ಮೊಣಕಾಲುದ್ದ ನೀರಿಗಿಳಿದು ಅವನು ಹಲ್ಲಿನಿಂದ ಗಂಟು ಬಿಚ್ಚಿದ. ಬೂದಿ ಹೊಗೆಯಂತೆ ನೀರಲ್ಲಿ ಹರಡಿತು. ಈ ಸಲ ಕಣ್ಣು ಕೀಳದೆ ನೋಡುತ್ತ ನಿಂತ. ಅಲೆಗಳು ಬರಿಗೈಯಲ್ಲಿ ಬಂದು ಹೋದವು.