ಬಿಳಿ ಕೈಗವಸು

ತಪ್ಪು ಮಾಡಿದವರ ಬೆರಳು ನೀಲಿಗಟ್ಟುವ ಕಾಲ ಬಂದ ಮೇಲೆ ಅಪರಾಧ ನ್ಯಾಯಶಾಸ್ತ್ರ ಓದುವವರು ಯಾರೆಂದು ವಿಶ್ವವಿದ್ಯಾಲಯದವರು ಆ ವಿಭಾಗಕ್ಕೆ ಬೀಗ ಹಾಕಲು ಹೊರಟಿದ್ದರಂತೆ. ಆದದ್ದೇ ಬೇರೆ. ಸೀಟಿಗೆ ನೂಕುನುಗ್ಗಲು ಶುರುವಾಯಿತು. ಮೇಷ್ಟ್ರುಗಳೆಲ್ಲ ಸುಡುಬೇಸಿಗೆಯಲ್ಲೂ ಬಿಳಿ ಕೈಗವಸು ತೊಟ್ಟೇ ಪಾಠ ಮಾಡುತ್ತಿದ್ದರು. ಅದು ವಿಭಾಗದ ಶಿಸ್ತು.

ಮೌಖಿಕ ಪರೀಕ್ಷೆಗೆ ನಿಜವಾದ ಮೊಕದ್ದಮೆಯನ್ನೇ ಕೊಡುವುದು ಅಲ್ಲಿನ ಪದ್ಧತಿ. ಪಾಸಾದವರ ಉತ್ತರವೇ ತೀರ್ಪು.

"ಗೋದಾಮಿಗೆ ಬೆಂಕಿ ಬಿದ್ದಿದೆ" ಎಂದರು ಪ್ರೊಫೆಸರ್ ಹಾಲಪ್ಪ, ಎದುರಿಗೆ ನಿಂತಿದ್ದ ಇಂದುಮತಿಗೆ. "ಕಾವಲುಗಾರನ ಕೈ ಬೆಳ್ಳಗಿದೆ. ಮಾಲೀಕರು ಕೈಗವಸು ಹಾಕ್ಕೊಂಡಿದಾರೆ. ಯಾರನ್ನ ಹಿಡೀತೀಯಮ್ಮ?"

ಹೋದ ವರ್ಷ ಇಂಥದೇ ಪ್ರಶ್ನೆಗೆ ಇಂದುಮತಿ, "ಕೈಗವಸು ಬಿಚ್ಚಿಸ್ತೀನಿ ಸರ್" ಎಂದಿದ್ದಳು. ದೊಡ್ಡವರ ಮಾನ ಕಳೆಯುವ ಉತ್ತರವೆಂದು ಹಾಲಪ್ಪ ಸೊನ್ನೆ ಸುತ್ತಿದ್ದರು.

ಹೊರಗೆ ಬೆಂಚಿನ ಮೇಲೆ ಆ ಕಾವಲುಗಾರ ಕೂತಿದ್ದ. ಇಂದುಮತಿ ಅತ್ತ ನೋಡಲಿಲ್ಲ.

"ಕಾವಲುಗಾರನ್ನ ಸರ್. ಕೈ ಅಷ್ಟು ಬೆಳ್ಳಗಿದೆ ಅಂದ್ರೆ ಸುಣ್ಣ ಬಳ್ಕೊಂಡಿರ್ಬೇಕು."

"ಈಗ ಓದಿದವರ ಥರ ಮಾತಾಡಿದೆ ನೋಡು" ಎಂದು ಹಾಲಪ್ಪ ತಲೆದೂಗಿದರು.

ಇಂದುಮತಿ ನಮಸ್ಕರಿಸಲು ಕೈ ಜೋಡಿಸಿದಾಗ ಕಿರುಬೆರಳ ತುದಿಯಲ್ಲಿ ನೀಲಿ ಇಣುಕಿತ್ತು. ಗಾಬರಿಯಾಗಿ ದುಪಟ್ಟಾದೊಳಗೆ ಮುಚ್ಚಿಕೊಳ್ಳುವಷ್ಟರಲ್ಲಿ ಹಾಲಪ್ಪ ಮೇಜಿನ ಡ್ರಾಯರ್ ಎಳೆದರು. ಒಳಗೆ ಹೊಸ ಕೈಗವಸುಗಳನ್ನು ಒಪ್ಪವಾಗಿ ಜೋಡಿಸಿಟ್ಟಿದ್ದರು.

"ಗಾಬರಿ ಬೀಳ್ಬೇಡಮ್ಮ. ನಮಗೆಲ್ಲ ಪಾಸಾದ ದಿನವೇ ಬಂದಿದ್ದು" ಎಂದರು. "ನಿನ್ನ ಅಳತೆ ಯಾವುದು?"